ಕೋಟೆಯನ್ನು ಕಾದ ಹೊಳೆ

ಪುಣಜನೂರಿನ ಕಡೆಯಿಂದ ಶಾಲಾ ಪ್ರವಾಸಕ್ಕೆ ಹೊರಡುವ ಮಕ್ಕಳ ಬಸ್ಸು ಬೆಳಗಿನ ಜಾವವೇ ಕಾಡಿನ ಅಂಚು ಬಿಟ್ಟು ಚಾಮರಾಜನಗರ ಸೇರುತ್ತದೆ. ಅಲ್ಲಿಂದ ನಂಜನಗೂಡು, ಮೈಸೂರು ದಾಟಿ ಶ್ರೀರಂಗಪಟ್ಟಣ ಮುಟ್ಟುವ ಹೊತ್ತಿಗೆ ಸುಮಾರು ನೂರು ಕಿಲೋಮೀಟರ್ ಪಯಣವಾಗಿರುತ್ತದೆ. ಬುತ್ತಿಯ ಚಿತ್ರಾನ್ನ ಅರ್ಧ ಖಾಲಿಯಾಗಿರುತ್ತದೆ. ಬಸ್ಸು ಕಾವೇರಿಯ ಸೇತುವೆ ಏರಿದೊಡನೆ ಮಕ್ಕಳೆಲ್ಲ ಒಂದೇ ಕಿಟಕಿಗೆ ಮುಗಿಬೀಳುತ್ತಾರೆ. ಕೆಳಗೆ ಹೊಳೆ, ಎದುರಿಗೆ ಕಪ್ಪಾದ ಕಲ್ಲುಗೋಡೆ. ಕೋಟೆಯ ಇನ್ನೊಂದು ಬದಿಗೆ ಹೋದರೆ ಅಲ್ಲಿಯೂ ಹೊಳೆಯೇ!

ಆಗ ಯಾರಾದರೂ ಒಬ್ಬ ಹುಡುಗನೋ ಹುಡುಗಿಯೋ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಸುತ್ತಲೂ ನೀರು ಇತ್ತಲ್ಲ, ಮತ್ತೆ ಶತ್ರುಗಳು ಒಳಗೆ ಹೇಗೆ ಬಂದರು?"

ಉತ್ತರವೂ ತಯಾರಾಗಿರುತ್ತದೆ. "ಮೀರ್ ಸಾದಿಕನ ದ್ರೋಹ." ಕನ್ನಡದಲ್ಲಿ ಆ ಹೆಸರು ಬೈಗುಳವಾಗಿಯೇ ನಿಂತುಬಿಟ್ಟಿದೆ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಅಷ್ಟು ಸಾಕು. ಆದರೆ ಮಗು ಕೇಳಿದ್ದು ದ್ರೋಹದ ಬಗ್ಗೆ ಅಲ್ಲ, ನೀರಿನ ಬಗ್ಗೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಕೋಟೆಯ ಇತಿಹಾಸದ ಜೊತೆಗೆ ಹೊಳೆಯ ಇತಿಹಾಸವನ್ನೂ ಓದಬೇಕಾಗುತ್ತದೆ.

ದ್ವೀಪದ ಮೇಲಿನ ಊರು

ಪಶ್ಚಿಮದಿಂದ ಹರಿದು ಬರುವ ಕಾವೇರಿ ಶ್ರೀರಂಗಪಟ್ಟಣದ ಬಳಿ ಎರಡು ಕವಲಾಗಿ ಒಡೆಯುತ್ತದೆ. ಸುಮಾರು ಐದು ಕಿಲೋಮೀಟರ್ ಹೋದ ಮೇಲೆ ಪೂರ್ವದ ಸಂಗಮದಲ್ಲಿ ಎರಡೂ ಕವಲುಗಳು ಮತ್ತೆ ಕೂಡುತ್ತವೆ. ನಡುವೆ ಉಳಿದ ನೆಲವೇ ದ್ವೀಪ. ಅದರ ಪಶ್ಚಿಮದ ತುದಿಯಲ್ಲಿ ಕೋಟೆ ಇದೆ. ಎಂದರೆ ಕವಲೊಡೆಯುವ ಹೊಳೆಯ ಎದೆಗೇ ಕೋಟೆಯ ಮೂಲೆ ಆತುಕೊಂಡಂತಿದೆ.

ಇಲ್ಲಿನ ರಂಗನಾಥನ ಗುಡಿಯನ್ನು ಕ್ರಿ.ಶ. 894ರಲ್ಲಿ ಗಂಗರ ಸಾಮಂತನಾಗಿದ್ದ ತಿರುಮಲಯ್ಯ ಕಟ್ಟಿಸಿದನೆಂದು ಹೇಳುತ್ತಾರೆ. ಕೋಟೆ ಬಂದದ್ದು ಬಹಳ ತಡವಾಗಿ. 1454ರಲ್ಲಿ ನಾಗಮಂಗಲದ ತಿಮ್ಮಣ್ಣ ಹೆಬ್ಬಾರ ವಿಜಯನಗರದ ಅರಸರ ಒಪ್ಪಿಗೆ ಪಡೆದು ಮೊದಲ ಕೋಟೆ ಕಟ್ಟಿಸಿದನೆಂಬುದು ಪರಂಪರೆಯಿಂದ ಬಂದ ಮಾತು. ಅವನಿಗೆ ನಿಧಿ ಸಿಕ್ಕಿತ್ತೆಂದೂ ಕಳಸವಾಡಿಯ ಹಳೆಯ ಬಸದಿಗಳ ಕಲ್ಲುಗಳನ್ನು ಗೋಡೆಗೆ ತಂದನೆಂದೂ ಅದೇ ಪರಂಪರೆ ಸೇರಿಸುತ್ತದೆ.

ಆ ಕಾಲದ ದಂಡಿನ ಕೈಯಲ್ಲಿದ್ದುದು ಬಿಲ್ಲು, ಈಟಿ, ಕತ್ತಿ. ಅಂಥ ಸೈನ್ಯಕ್ಕೆ ತುಂಬಿದ ಹೊಳೆಗಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ. ನೆಲದ ಮೇಲಿನ ಕೋಟೆಗೆ ಕಂದಕ ತೋಡಬೇಕು, ಅದಕ್ಕೆ ನೀರು ತರಬೇಕು, ಹೂಳು ತೆಗೆಸಬೇಕು. ಇಲ್ಲಿ ಅದೆಲ್ಲವನ್ನೂ ಪ್ರಕೃತಿಯೇ ಬಿಟ್ಟಿಯಾಗಿ ಮಾಡಿಕೊಟ್ಟಿತ್ತು.

ಯೂಫ್ರೆಟಿಸ್ ದಡದ ಕಿಲ್ಲೆ

ಹೊಳೆಯನ್ನು ನಂಬಿ ಕೋಟೆ ಕಟ್ಟಿದವರು ನಮ್ಮವರಷ್ಟೇ ಅಲ್ಲ. ಇಂದಿನ ಸಿರಿಯಾ ದೇಶದಲ್ಲಿ, ಯೂಫ್ರೆಟಿಸ್ ನದಿಯ ಎಡದಂಡೆಯ ಬಂಡೆಯ ಮೇಲೆ ಕಲಾತ್ ಜಾಬರ್ ಎಂಬ ಕೋಟೆ ಇದೆ. ಅರಬ್ಬಿಯ 'ಕಲಾ' ಎಂದರೆ ಕೋಟೆ. ಪರ್ಷಿಯನ್ ಭಾಷೆಯ ಮೂಲಕ ಆ ಮಾತೇ ನಮ್ಮಲ್ಲಿ 'ಕಿಲ್ಲೆ' ಆಯಿತು, 'ಕಿಲ್ಲೇದಾರ' ಆಯಿತು. ಹೀಗಾಗಿ ಕಲಾತ್ ಜಾಬರ್ ಎಂದರೆ ಜಾಬರನ ಕಿಲ್ಲೆ. ಈ ಜಾಬರ್ ಹನ್ನೊಂದನೆಯ ಶತಮಾನದ ಒಬ್ಬ ಅರಬ್ ಮುಖಂಡ, ಬನೂ ಕುಶೈರ್ ಬುಡಕಟ್ಟಿನವನು. 1086ರ ಸುಮಾರಿಗೆ ಸೆಲ್ಜುಕ್ ಸುಲ್ತಾನ ಮಲಿಕ್ ಷಾ ಕೋಟೆಯನ್ನು ಅವನಿಂದ ಕಿತ್ತುಕೊಂಡ. ಅಲೆಪ್ಪೊದ ಕೋಟೆ ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಉಕೈಲಿ ಮನೆತನದ ಸಾಲಿಮ್‌ಗೆ ಇದನ್ನು ಕೊಟ್ಟ.

ಉಕೈಲಿಗಳು ಅಲ್ಲಿ ಸುಮಾರು ಎಂಬತ್ತು ವರ್ಷ ಆಳಿದರು. 1146ರಲ್ಲಿ ಮೋಸುಲ್ ಮತ್ತು ಅಲೆಪ್ಪೊಗಳ ಪ್ರಬಲ ಒಡೆಯ ಜಂಗಿ ಮುತ್ತಿಗೆ ಹಾಕಿದ. ಕೋಟೆ ಬೀಳಲಿಲ್ಲ, ಜಂಗಿಯೇ ಬಿದ್ದ. ಸೆಪ್ಟೆಂಬರಿನ ಒಂದು ರಾತ್ರಿ ಅವನ ಗುಲಾಮನೊಬ್ಬ ಡೇರೆಯಲ್ಲೇ ಅವನನ್ನು ಕೊಂದ. ಮುಂದೆ ಜಂಗಿಯ ಮಗ ನೂರುದ್ದೀನ್ ಆ ಕೋಟೆ ಪಡೆದದ್ದು ಗೋಡೆ ಒಡೆದಲ್ಲ. ಕೋಟೆಯ ಕೊನೆಯ ಉಕೈಲಿ ಒಡೆಯ ಬೇಟೆಗೆ ಹೋದಾಗ ಸೆರೆಸಿಕ್ಕಿದ. 1168ರಲ್ಲಿ ಅವನಿಗೆ ಬೇರೆ ಊರುಗಳನ್ನು ಕೊಟ್ಟು ನೂರುದ್ದೀನ್ ಕೋಟೆಯನ್ನು ಬದಲಿಗೆ ತೆಗೆದುಕೊಂಡ.

ಈ ಕಥೆಯಲ್ಲಿ ಒಂದು ಪಾಠವಿದೆ. ಮುತ್ತಿದವನ ಡೇರೆಯೊಳಗೂ ಕೊಲೆಗಾರ ಇರಬಹುದು, ಕಾಯುವವನೂ ಎಚ್ಚರ ತಪ್ಪಬಹುದು. ಕೋಟೆಗಳ ಚರಿತ್ರೆಯಲ್ಲಿ ದ್ರೋಹ, ಸೆರೆ, ಲೇವಾದೇವಿ ಎಲ್ಲ ಕಡೆಯೂ ಉಂಟು. ಆದರೆ ಶ್ರೀರಂಗಪಟ್ಟಣಕ್ಕೆ ಇನ್ನೊಂದು ಪಾತ್ರಧಾರಿಯ ಕಥೆಯೂ ಇದೆ. ಆ ಪಾತ್ರಧಾರಿ ಕಾವೇರಿ.

ಹೊಳೆಯ ಪಂಚಾಂಗ

ಶ್ರೀರಂಗಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಏಳೆಂಟು ನೂರು ಮಿಲಿಮೀಟರ್ ಮಾತ್ರ. ಪಶ್ಚಿಮಘಟ್ಟದ ಮರೆಗೆ ಬಿದ್ದ ಬಯಲು ಅದು. ಆದರೆ ಅಲ್ಲಿ ಹರಿಯುವ ನೀರು ಅಲ್ಲಿಯ ಮಳೆಯದಲ್ಲ. ಕಾವೇರಿ ಹುಟ್ಟುವ ಕೊಡಗಿನ ಭಾಗಮಂಡಲದ ಸುತ್ತ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಹೇಮಾವತಿ, ಲಕ್ಷ್ಮಣತೀರ್ಥ ನದಿಗಳೂ ಶ್ರೀರಂಗಪಟ್ಟಣಕ್ಕೆ ಮೊದಲೇ ಕಾವೇರಿಗೆ ಸೇರುತ್ತವೆ. ಹೀಗಾಗಿ ಪಟ್ಟಣದ ಮೇಲೆ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಕೆಂಪಾಗಿ ಏರಿ ಬರಬಹುದು. ಹಳ್ಳಿಯವರು 'ಮೇಲೆ ಮಳೆಯಾಗಿದೆ' ಎಂದು ಕಣ್ಣಳತೆಯಲ್ಲೇ ಹೇಳುವುದು ಇದನ್ನೇ.

ಮಳೆ ನಿಂತ ಮೇಲೆ ಹೊಳೆ ತಟಕ್ಕನೆ ಬತ್ತುವುದಿಲ್ಲ. ಕಾಡಿನ ಮಣ್ಣು ಹೀರಿಟ್ಟುಕೊಂಡ ನೀರು ಝರಿಝರಿಯಾಗಿ ಇಳಿದು ಬರುತ್ತಲೇ ಇರುತ್ತದೆ. ಆದರೆ ಪುಷ್ಯ, ಮಾಘ ಕಳೆಯುವಷ್ಟರಲ್ಲಿ ಅದೂ ತೆಳುವಾಗುತ್ತದೆ. ಫಾಲ್ಗುಣ, ಚೈತ್ರ, ವೈಶಾಖಗಳಲ್ಲಿ ಹೊಳೆಯ ನಡುವಿನ ಬಂಡೆಗಳು ಬೆನ್ನು ತೋರಿಸುತ್ತವೆ. ದನಗಳು ನಡೆದೇ ದಾಟುತ್ತವೆ. ಮೃಗಶಿರೆ, ಆರಿದ್ರೆ ಮಳೆ ಹಿಡಿದ ಮೇಲೆ ಮತ್ತೆ ಹೊಳೆ ಹೊಳೆಯಾಗುತ್ತದೆ.

ಎಂದರೆ ಶ್ರೀರಂಗಪಟ್ಟಣದ ಅತ್ಯಂತ ಬಲವಾದ ಕಾವಲುಗಾರ ವರ್ಷಕ್ಕೆ ನಾಲ್ಕಾರು ತಿಂಗಳು ರಜೆಯ ಮೇಲೆ ಹೋಗುತ್ತಿದ್ದ. ಈ ರಜೆಯ ಲೆಕ್ಕ ತಿಳಿದವರಿಗೆ ಕೋಟೆಯ ದಾರಿಯೂ ತಿಳಿಯುತ್ತಿತ್ತು.

ಹೊಳೆ ತುಂಬಿದಾಗಲೂ ದಾಟಿದ ಹೆಮ್ಮೆಯ ದಾಖಲೆ ಒಂದಿದೆ. ಹದಿನೈದನೆಯ ಶತಮಾನದ ಕೊನೆಯಲ್ಲಿ ಕೃಷ್ಣದೇವರಾಯನ ತಂದೆ ನರಸನಾಯಕ ಶ್ರೀರಂಗಪಟ್ಟಣವನ್ನು ಗೆದ್ದ. ತುಂಬಿ ಹರಿಯುತ್ತಿದ್ದ ಕಾವೇರಿಗೆ ಅಡ್ಡಗಟ್ಟಿ, ದಾಟಿ, ಶತ್ರುವನ್ನು ಜೀವಂತ ಹಿಡಿದನೆಂದು ವಿಜಯನಗರದ ತಾಮ್ರಶಾಸನಗಳು ಅವನನ್ನು ಹೊಗಳುತ್ತವೆ. ಹೊಗಳಿಕೆಯಲ್ಲಿ ಅತಿಶಯ ಇರಬಹುದು. ಆದರೆ ಹೊಗಳುವವರು ಆರಿಸಿಕೊಂಡ ಸಂಗತಿ ಯಾವುದು ನೋಡಿ. ಕೋಟೆಯ ಗೋಡೆ ಏರಿದ್ದಲ್ಲ, ಹೊಳೆ ದಾಟಿದ್ದು! ಆ ಕಾಲಕ್ಕೆ ಶ್ರೀರಂಗಪಟ್ಟಣವನ್ನು ಗೆಲ್ಲುವುದೆಂದರೆ ಕಾವೇರಿಯನ್ನು ಗೆಲ್ಲುವುದೇ ಆಗಿತ್ತು.

ಕೈ ಬದಲಾದ ಕೋಟೆ

ಆಮೇಲೆ ವಿಜಯನಗರದ ಪ್ರತಿನಿಧಿಗಳು ಇಲ್ಲಿಂದ ಸುತ್ತಣ ಸೀಮೆಯನ್ನು ಆಳಿದರು. 1610ರಲ್ಲಿ ಮೈಸೂರಿನ ರಾಜ ಒಡೆಯರು ಆಗಿನ ಪ್ರತಿನಿಧಿ ತಿರುಮಲರಾಜನಿಂದ ಪಟ್ಟಣ ಪಡೆದರು. ಯುದ್ಧ ಮಾಡಿ ಗೆದ್ದರೆಂದು ಒಂದು ಹೇಳಿಕೆ ಇದೆ. ಕಾಯಿಲೆಬಿದ್ದ ತಿರುಮಲರಾಜ ಪಟ್ಟಣವನ್ನು ಒಪ್ಪಿಸಿ ತಲಕಾಡಿಗೆ ಹೋದನೆಂದು ಇನ್ನೊಂದು ಹೇಳಿಕೆ. ಅಲಮೇಲಮ್ಮನ ಶಾಪದ ಕಥೆ ಹುಟ್ಟಿದ್ದು ಈ ಸಂದರ್ಭದಲ್ಲೇ. ಅದೇ ವರ್ಷ ಮೈಸೂರು ಅರಸರ ದಸರಾ ಶ್ರೀರಂಗಪಟ್ಟಣದಲ್ಲಿ ಆರಂಭವಾಯಿತು.

ಕಂಠೀರವ ನರಸರಾಜ ಒಡೆಯರು 1638ರಲ್ಲಿ ಪಟ್ಟಕ್ಕೆ ಬಂದ ಸ್ವಲ್ಪ ಕಾಲದಲ್ಲೇ ಬಿಜಾಪುರದ ರಣದುಲ್ಲಾ ಖಾನ್ ದಂಡೆತ್ತಿ ಬಂದು ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಚಿಕ್ಕದೇವರಾಜ ಒಡೆಯರು 1704ರವರೆಗೆ ಆಳಿ ರಾಜ್ಯ ಬಲಪಡಿಸಿದರು, ಕಾವೇರಿಯಿಂದ ಕಾಲುವೆ ತೆಗೆಸಿದರು. ಬಳಿಕ ಅಧಿಕಾರ ದಳವಾಯಿಗಳ ಕೈಗೆ ಜಾರಿತು. 1761ರ ಹೊತ್ತಿಗೆ ಹೈದರಾಲಿಯ ಕೈ ಸೇರಿತು. 1771ರಲ್ಲಿ ಚಿನಕುರುಳಿಯ ಬಳಿ ಹೈದರನನ್ನು ಸೋಲಿಸಿದ ಮರಾಠರು ಶ್ರೀರಂಗಪಟ್ಟಣದವರೆಗೂ ಬಂದು ಮುತ್ತಿದರು. ಬಯಲಿನಲ್ಲಿ ಗೆದ್ದ ಅವರಿಗೆ ಕೋಟೆ ಸಿಗಲಿಲ್ಲ. ಹೈದರ್ 1782ರ ಡಿಸೆಂಬರ್ 7ರಂದು ತೀರಿಕೊಂಡ. ಮಗ ಟಿಪ್ಪು ಸುಲ್ತಾನ ಅಧಿಕಾರಕ್ಕೆ ಬಂದ.

ಇಷ್ಟು ಹೊತ್ತಿಗೆ ಒಂದು ದೊಡ್ಡ ಬದಲಾವಣೆ ಆಗಿಹೋಗಿತ್ತು. ಕೋಟೆ ಮುತ್ತುವವರ ಬಳಿ ಈಗ ದೊಡ್ಡ ಫಿರಂಗಿಗಳಿದ್ದವು. ಹೊಳೆ ಮನುಷ್ಯನ ಕಾಲನ್ನು ತಡೆಯಬಲ್ಲದು. ಆದರೆ ಎದುರು ದಡದಿಂದ ಹಾರಿ ಬರುವ ಗುಂಡನ್ನು ತಡೆಯಲಾರದು. ತಿಮ್ಮಣ್ಣನ ಕಾಲದಲ್ಲಿ ಪೂರ್ತಿ ಗೋಡೆಯಾಗಿದ್ದ ಹೊಳೆ ಈಗ ಅರ್ಧ ಗೋಡೆ ಮಾತ್ರ.

ಮೂರು ಮುತ್ತಿಗೆ, ಮೂರು ತಿಂಗಳು

ಪುಣಜನೂರಿನ ಸುತ್ತಣ ಬೆಟ್ಟಗಳಿಗೂ ಈ ಯುದ್ಧಗಳಿಗೂ ನಂಟಿದೆ. ಮೈಸೂರಿನ ಎತ್ತರದ ಸೀಮೆಯಿಂದ ಸತ್ಯಮಂಗಲದ ಬಯಲಿಗೆ ಇಳಿಯುವ ದಾರಿಗಳು ಈ ಸಾಲಿನಲ್ಲೇ ಇರುವುದು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಗಜ್ಜಲಹಟ್ಟಿ ಕಣಿವೆಯಲ್ಲಿ ತನ್ನ ದಂಡನ್ನು ಇಳಿಸಿ, ಸತ್ಯಮಂಗಲದ ಬಳಿ ಇದ್ದ ಕರ್ನಲ್ ಫ್ಲಾಯ್ಡನ ಇಂಗ್ಲಿಷ್ ಪಡೆಯ ಮೇಲೆ ಬಿದ್ದು ಅದನ್ನು ಹಿಮ್ಮೆಟ್ಟಿಸಿದ. ಮುಂದಿನ ವರ್ಷ ಯುದ್ಧ ಶ್ರೀರಂಗಪಟ್ಟಣದ ಬಾಗಿಲಿಗೇ ಬಂತು.

ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಡೆ ನಡೆದ. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಮೇಲುಗೈ ಅವನದೇ. ಆದರೆ ಕಾಲ ಅವನ ಕಡೆ ಇರಲಿಲ್ಲ. ಮಳೆ ಹಿಡಿದಿತ್ತು, ಹೊಳೆ ಏರುತ್ತಿತ್ತು. ದಾರಿಯುದ್ದಕ್ಕೂ ಟಿಪ್ಪುವಿನ ಕಡೆಯವರು ಮೇವು ಸುಟ್ಟುಹಾಕಿದ್ದರು. ಫಿರಂಗಿ ಎಳೆಯುವ ಎತ್ತುಗಳು ಹಸಿವಿನಿಂದ, ರೋಗದಿಂದ ಸಾಯುತ್ತಿದ್ದವು. ಹೊಳೆಯ ಆಚೆ ಇದ್ದ ಮುಂಬಯಿಯ ಪಡೆಯನ್ನು ಕೂಡಿಕೊಳ್ಳಲೆಂದು ಕಾರ್ನ್‌ವಾಲಿಸ್ ಕನ್ನಂಬಾಡಿಯ ಕಡವಿನವರೆಗೂ ಹೋದ. ದಾಟುವುದಾಗಲಿಲ್ಲ. ಎಳೆಯಲು ಎತ್ತುಗಳೇ ಇಲ್ಲದ ಭಾರಿ ಫಿರಂಗಿಗಳನ್ನು ತನ್ನ ಕೈಯಾರೆ ನಾಶಮಾಡಿ ಅವನು ಬೆಂಗಳೂರಿಗೆ ಮರಳಿದ. ಆ ವರ್ಷ ಪಟ್ಟಣವನ್ನು ಉಳಿಸಿದವರಲ್ಲಿ ಟಿಪ್ಪುವಿನ ಸೈನಿಕರ ಜೊತೆಗೆ ಕೊಡಗಿನ ಮಳೆಯೂ ಸೇರಿದೆ.

ಕಾರ್ನ್‌ವಾಲಿಸ್ ಪಾಠ ಕಲಿತ. ಎರಡನೆಯ ಸಲ ಅವನು ಬಂದದ್ದು 1792ರ ಫೆಬ್ರುವರಿಯಲ್ಲಿ, ಹೊಳೆ ಇಳಿದ ಕಾಲಕ್ಕೆ. ಫೆಬ್ರುವರಿ 6ರ ರಾತ್ರಿ ಅವನ ದಂಡಿನ ಒಂದು ಪಾಲು ಹೊಳೆ ದಾಟಿ ದ್ವೀಪಕ್ಕೇ ಕಾಲಿಟ್ಟಿತು. ಮಾರ್ಚ್ 18ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದ. ಒಂಬತ್ತು ತಿಂಗಳ ಹಿಂದೆ ತಡೆದು ನಿಲ್ಲಿಸಿದ್ದ ಅದೇ ಹೊಳೆ, ಅದೇ ಕೋಟೆ. ಬೇರೆಯಾಗಿದ್ದ ದೊಡ್ಡ ಸಂಗತಿ ತಿಂಗಳು.

ಕೊನೆಯ ಮುತ್ತಿಗೆ 1799ರದು. ಜನರಲ್ ಹ್ಯಾರಿಸನ ಸೈನ್ಯ ಫೆಬ್ರುವರಿಯಲ್ಲೇ ವೆಲ್ಲೂರಿನಿಂದ ಹೊರಟಿತ್ತು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾಳಗ ನಡೆಯಿತು. ಆಮೇಲೆ ಆ ಸೈನ್ಯ ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಏಪ್ರಿಲ್ 5ರಂದು ಕೋಟೆಯ ಮುಂದೆ ನಿಂತಿತು. ಇತ್ತ ಕೋಟೆಯೊಳಗಿನವರಿಗೂ ಅತ್ತ ಹೊರಗಿನವರಿಗೂ 1791ರ ನೆನಪು ಹಸಿಯಾಗಿತ್ತು. ಮುಂಗಾರು ಬರುವವರೆಗೆ ತಾಳಿದರೆ ಕೋಟೆ ಉಳಿಯುತ್ತದೆ. ಅದಕ್ಕೆ ಮುಂಚೆ ಒಡೆಯದಿದ್ದರೆ ಮುತ್ತಿದವರ ಗತಿ ಕೆಡುತ್ತದೆ. ಹ್ಯಾರಿಸನ ದಂಡಿನಲ್ಲಿ ದವಸಧಾನ್ಯ ತಳ ಕಾಣುತ್ತಿತ್ತು. ಎರಡೂ ಕಡೆಯವರು ಒಂದೇ ಪಂಚಾಂಗ ಹಿಡಿದು ಕುಳಿತಿದ್ದರು ಎಂದರೂ ಸರಿಯೇ.

ಫಿರಂಗಿಗಳು ಹೊಳೆಯಾಚೆಯಿಂದ ಕೋಟೆಯ ವಾಯವ್ಯ ಮೂಲೆಯನ್ನು ಹೊಡೆಯತೊಡಗಿದವು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೀಳುವ ಗುಂಡು ಮೊದಲು ಕಲ್ಲನ್ನು ಬಿರಿಸುತ್ತದೆ, ಆಮೇಲೆ ಸಡಿಲಿಸುತ್ತದೆ, ಕೊನೆಗೆ ಗೋಡೆ ತನ್ನ ಭಾರಕ್ಕೆ ತಾನೇ ಜರಿಯುತ್ತದೆ. ಜರಿದ ಕಲ್ಲುಮಣ್ಣಿನ ರಾಶಿಯೇ ಹತ್ತುವವರಿಗೆ ಮೆಟ್ಟಿಲಾಗುತ್ತದೆ. ಮೇ 3ರ ಹೊತ್ತಿಗೆ ಗೋಡೆಯಲ್ಲಿ ಬಿರುಕು ಬಾಯಿ ತೆರೆದಿತ್ತು.

ಮೇ 4, ಶನಿವಾರ. ನಮ್ಮ ರೈತರ ಲೆಕ್ಕದಲ್ಲಿ ಭರಣಿ ಮಳೆಯ ದಿನಗಳು. ಮಧ್ಯಾಹ್ನ ಒಂದು ಗಂಟೆ. ಕೋಟೆಯವರು ಬಿಸಿಲಿಗೆ ದಣಿದು ಊಟ, ವಿಶ್ರಾಂತಿಗೆ ಹೋಗುವ ಹೊತ್ತನ್ನು ಬೇಕೆಂದೇ ಆರಿಸಿದ್ದರು. ಜನರಲ್ ಬೇರ್ಡ್‌ನ ಮುಂದಾಳುತನದಲ್ಲಿ ಸೈನಿಕರು ಹೊಳೆಗೆ ಇಳಿದರು. ಅಲ್ಲಿ ಹೊಳೆಯ ಅಗಲ ಸುಮಾರು 280 ಗಜ. ಬಂಡೆಗಳ ನಡುವೆ ನೀರು ಕೆಲವು ಕಡೆ ಪಾದ ಮುಳುಗುವಷ್ಟು, ಕೆಲವು ಕಡೆ ಸೊಂಟದ ಮಟ್ಟ. ಕೆಲವೇ ನಿಮಿಷಗಳಲ್ಲಿ ಅವರು ಬಿರುಕು ಏರಿ ಗೋಡೆಯ ಮೇಲಿದ್ದರು. ಟಿಪ್ಪುವಿನ ನೆಚ್ಚಿನ ಸರದಾರ ಸಯ್ಯದ್ ಗಫಾರ್ ಅದಕ್ಕೆ ಸ್ವಲ್ಪ ಮೊದಲೇ ಫಿರಂಗಿ ಗುಂಡಿಗೆ ಸಿಕ್ಕು ಸತ್ತಿದ್ದ. ಊಟಕ್ಕೆ ಕುಳಿತಿದ್ದ ಟಿಪ್ಪು ಎದ್ದು ಬಂದು ಹೋರಾಡಿದ. ಸಂಜೆಯೊಳಗೆ ಕೋಟೆಯ ಬಾಗಿಲ ಬಳಿ ಹೆಣಗಳ ರಾಶಿಯ ನಡುವೆ ಬಿದ್ದ.

ಮರುದಿನ, ಮೇ 5ರ ಸಂಜೆ, ಗಂಜಾಂ ಬಳಿಯ ಗುಂಬಜಿನಲ್ಲಿ ಅವನನ್ನು ತಂದೆಯ ಪಕ್ಕದಲ್ಲಿ ಮಣ್ಣುಮಾಡಿದರು. ಆ ಸಂಜೆ ಗುಡುಗು ಸಿಡಿಲಿನ ಭಾರಿ ಮಳೆ ಸುರಿಯಿತು. ಕೋಟೆ ಕಾದುಕೊಂಡಿದ್ದ ಮಳೆಗಾಲ ಬಾಗಿಲಿಗೆ ಬಂದಿತ್ತು. ಬರುವಷ್ಟರಲ್ಲಿ ಒಳಗೆ ಕಾಯುವವರು ಇರಲಿಲ್ಲ.

ಹಾಗಾದರೆ ಮೀರ್ ಸಾದಿಕ್?

ದಾಳಿಯ ಹೊತ್ತಿಗೆ ಮೀರ್ ಸಾದಿಕ್ ಸಂಬಳ ಕೊಡುವ ನೆವದಲ್ಲಿ ಬಿರುಕಿನ ಕಾವಲಿನವರನ್ನು ಕರೆಸಿಕೊಂಡನೆಂಬುದು ಪ್ರಚಲಿತವಾದ ಕಥೆ. ಅದೇ ದಿನ ಮೈಸೂರಿನ ಸೈನಿಕರೇ ಅವನನ್ನು ಕೊಂದರು. ದ್ರೋಹ ನಡೆಯಲೇ ಇಲ್ಲವೆಂದು ವಾದಿಸಬೇಕಾದ್ದಿಲ್ಲ. ಆದರೆ ದ್ರೋಹವೊಂದೇ ಉತ್ತರವಾದರೆ ಕೆಲವು ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಬಿರುಕನ್ನು ಮಾಡಿದವರು ಯಾರು? ಫಿರಂಗಿ. ಫಿರಂಗಿ ದಡದವರೆಗೆ ಬರಲು ಬಿಟ್ಟದ್ದು ಏನು? 1792ರಲ್ಲಿ ಕಳೆದುಹೋದ ಅರ್ಧ ರಾಜ್ಯ, ಖಾಲಿಯಾದ ಬೊಕ್ಕಸ, ಜೊತೆ ಬಿಟ್ಟ ನೆರೆಯವರು. ಸೈನಿಕರು ಹೊಳೆಯನ್ನು ನಡೆದು ದಾಟಿದ್ದು ಹೇಗೆ? ಅದು ಮೇ ತಿಂಗಳ ಮೊದಲ ವಾರವಾದ್ದರಿಂದ.

ಒಬ್ಬ ಕೆಟ್ಟವನ ಹೆಸರು ಹೇಳಿ ಮುಗಿಸುವ ಚರಿತ್ರೆ ನೆನಪಿಡಲು ಸುಲಭ. ಹಾಗೆ ಓದಿದ ಮಗುವಿಗೆ ಒಳ್ಳೆಯವರು ಇದ್ದರೆ ಕೋಟೆ ಉಳಿಯುತ್ತದೆ, ಕೆಟ್ಟವರು ಇದ್ದರೆ ಬೀಳುತ್ತದೆ ಎಂಬ ಅಭ್ಯಾಸ ಬೆಳೆಯುತ್ತದೆ. ನಾಳೆ ಅದೇ ಮಗು ಊರಿನ ಕೆರೆ ಒಡೆದರೆ, ಬೆಳೆ ಹೋದರೆ, ಪರೀಕ್ಷೆಯಲ್ಲಿ ಫೇಲಾದರೆ ಮೊದಲು ಹುಡುಕುವುದು ಒಬ್ಬ ಮೀರ್ ಸಾದಿಕನನ್ನೇ. ಕಾರಣಗಳನ್ನು ಒಂದರ ಹಿಂದೆ ಒಂದಾಗಿ ಜೋಡಿಸಿ ನೋಡುವುದು ವಿಜ್ಞಾನದ ಪಾಠದಲ್ಲಿ ಮಾತ್ರ ಬೇಕಾದ ಗುಣವಲ್ಲ. ಚರಿತ್ರೆಗೂ ಅದು ಬೇಕು, ಮನೆಗೂ ಬೇಕು.

ನೀರು ಇನ್ನೊಂದು ಲೆಕ್ಕ ಕೇಳಿತು

ಗೆದ್ದವರಿಗೂ ಹೊಳೆ ಸುಮ್ಮನೆ ಒಲಿಯಲಿಲ್ಲ. 1799ರ ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿ, ರಾಜಧಾನಿಯನ್ನು ಮೈಸೂರಿಗೆ ಒಯ್ದರು. ಈ ಬಾಲರಾಜನ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಅರಿಕುಠಾರ ಎಂಬ ಊರಿನಲ್ಲಿ. ಮುಂದೆ ಮಗ ತಂದೆಯ ಹೆಸರಿನಲ್ಲಿ ಆ ಊರನ್ನು ಚಾಮರಾಜನಗರ ಎಂದು ಕರೆದ. ಪುಣಜನೂರಿನ ಮಕ್ಕಳು ಪ್ರತಿದಿನ ಬರೆಯುವ ವಿಳಾಸದಲ್ಲಿ ಹೀಗೆ ಶ್ರೀರಂಗಪಟ್ಟಣದ ಪತನದ ಒಂದು ಎಳೆ ಸೇರಿಕೊಂಡಿದೆ.

ಇಂಗ್ಲಿಷರ ಪಡೆ ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತು. ಚಳಿಜ್ವರ ಅವರನ್ನು ಹಿಂಡಿತು. ಕೊನೆಗೆ 1809ರ ಸುಮಾರಿಗೆ ದಂಡು ಬೆಂಗಳೂರಿಗೆ ಜಾಗ ಬದಲಿಸಿತು. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದು ಆಗ ಎಲ್ಲರೂ ನಂಬಿದ್ದರು. 'ಮಲೇರಿಯ' ಎಂಬ ಇಟಲಿಯ ಮಾತಿನ ಅರ್ಥವೇ ಕೆಟ್ಟ ಗಾಳಿ. ಅದರ ಹಿಂದಿರುವುದು ಸೊಳ್ಳೆಯೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಹರಿಯುವ ಹೊಳೆ ಕೋಟೆಯನ್ನು ಕಾಯುತ್ತಿತ್ತು. ಅದೇ ಹೊಳೆ ಇಳಿದಾಗ ಬಂಡೆಯ ಸಂದಿನಲ್ಲಿ, ಕಂದಕದಲ್ಲಿ ನಿಂತ ನೀರು ಸೊಳ್ಳೆಗೆ ತೊಟ್ಟಿಲಾಗುತ್ತಿತ್ತು. ಫಿರಂಗಿಗೆ ಹೆದರದ ದಂಡು ಸೊಳ್ಳೆಗೆ ಜಾಗ ಬಿಟ್ಟಿತು.

ಹೊಳೆಯ ರಜೆಯನ್ನು ತಪ್ಪಿಸುವ ಆಸೆ ಟಿಪ್ಪುವಿಗೂ ಇತ್ತು. ಕಾವೇರಿಗೆ ಕಟ್ಟೆ ಕಟ್ಟಿಸುವ ಉದ್ದೇಶ ಹೇಳುವ ಅವನ 1794ರ ಪರ್ಷಿಯನ್ ಶಾಸನ ಇಂದಿಗೂ ಕೃಷ್ಣರಾಜಸಾಗರದಲ್ಲಿ ಇದೆ. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಕಾರ್ನ್‌ವಾಲಿಸ್ ಹೊಳೆ ದಾಟಲಾಗದೆ ಫಿರಂಗಿ ಕಳೆದುಕೊಂಡ ಅದೇ ಕನ್ನಂಬಾಡಿ. ಈಗ ಶ್ರೀರಂಗಪಟ್ಟಣದ ಮುಂದೆ ಹೊಳೆ ಎಷ್ಟು ಹರಿಯಬೇಕೆಂಬುದನ್ನು ಬಹುಮಟ್ಟಿಗೆ 124.80 ಅಡಿಯ ಆ ಅಣೆಕಟ್ಟೆಯ ಬಾಗಿಲುಗಳು ತೀರ್ಮಾನಿಸುತ್ತವೆ. ಆದರೂ ಕೊಡಗಿನಲ್ಲಿ ಮಳೆ ಮಿತಿಮೀರಿದ ವರ್ಷ ಬಾಗಿಲು ತೆರೆಯಲೇಬೇಕು. ಆಗ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆಯ ಮೇಲೆ ನೀರು ಬರುತ್ತದೆ. ಹಳೆಯ ಕಾವಲುಗಾರ ತಾನು ಪೂರ್ತಿ ನಿವೃತ್ತನಾಗಿಲ್ಲವೆಂದು ತೋರಿಸಿಕೊಡುತ್ತಾನೆ.

ಯೂಫ್ರೆಟಿಸ್ ದಡದ ಜಾಬರನ ಕಿಲ್ಲೆಗೂ ಅಣೆಕಟ್ಟೆಯೇ ಹೊಸ ರೂಪ ಕೊಟ್ಟಿತು. 1973ರಲ್ಲಿ ತಬ್ಕಾ ಅಣೆಕಟ್ಟೆ ಮುಗಿದು ನೀರು ನಿಂತಾಗ, ನದಿಯಿಂದ ಮೇಲೆ ಎತ್ತರದಲ್ಲಿದ್ದ ಕೋಟೆಯ ಬುಡದವರೆಗೆ ಸರೋವರ ಬಂತು. ಎಂಟು ಶತಮಾನದ ಹಿಂದೆ ಜಂಗಿ ಡೇರೆ ಹೂಡಿದ್ದ ಕಾಲಕ್ಕೆ ಇಲ್ಲದ ನೀರು ಈಗ ಅದರ ಸುತ್ತ ಇದೆ. ಮುತ್ತುವವರು ಮಾತ್ರ ಇಲ್ಲ. ಕಾಯುವ ಕೆಲಸ ಮುಗಿದ ಮೇಲೆ ಕೋಟೆಗೆ ಪೂರ್ತಿ ಕಂದಕ ಸಿಕ್ಕಿದ್ದು ವಿಚಿತ್ರವೇ ಸರಿ.

ಮನೆಗೆ ಮರಳುವ ದಾರಿಯಲ್ಲಿ

ಸಂಜೆ ಬಸ್ಸು ಚಾಮರಾಜನಗರ ದಾಟಿ ಪುಣಜನೂರಿನ ಕಡೆ ತಿರುಗಿದಾಗ ಸುವರ್ಣಾವತಿಯ ಸೀಮೆ ಬರುತ್ತದೆ. ಹೊನ್ನುಹೊಳೆ ಎಂದೂ ಇದಕ್ಕೆ ಹೆಸರು. ಗಡಿಬೆಟ್ಟಗಳ ನೀರೆಲ್ಲ ಇದರಲ್ಲಿ ಇಳಿದು ಕೊಳ್ಳೇಗಾಲದ ಕಡೆ ಹೋಗಿ ಕಾವೇರಿಗೆ ಸೇರುತ್ತದೆ. ಆ ಜಾಗ ಶ್ರೀರಂಗಪಟ್ಟಣಕ್ಕಿಂತ ಬಹಳ ಕೆಳಗೆ. ಪುಣಜನೂರಿನಲ್ಲಿ ಎಷ್ಟೇ ಮಳೆ ಸುರಿದರೂ ಅದರ ಒಂದು ಹನಿಯೂ ಆ ಕೋಟೆಯ ಗೋಡೆಯನ್ನು ಮುಟ್ಟುವುದಿಲ್ಲ. ನಕ್ಷೆಯನ್ನು ತೆರೆದು ಬೆರಳಿನಿಂದ ಹೊಳೆಗಳ ದಾರಿ ಹಿಡಿದು ಹೋದರೆ ಮಕ್ಕಳಿಗೆ ಇದು ಕ್ಷಣದಲ್ಲಿ ತಿಳಿಯುತ್ತದೆ.

ಮನೆಯಲ್ಲಿ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಊರಿನ ಹಳ್ಳದ ಅಥವಾ ಕೆರೆಯ ದಡದಲ್ಲಿ ಕದಲದ ಒಂದು ಬಂಡೆ ಆರಿಸಿ, ಹಿರಿಯರ ಜೊತೆ ಹೋಗಿ, ದಡದಿಂದಲೇ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ನೋಡಬೇಕು. ಪುಸ್ತಕದಲ್ಲಿ ತಾರೀಖಿನ ಪಕ್ಕದಲ್ಲಿ ಅಂದಿನ ಮಳೆ ನಕ್ಷತ್ರವನ್ನೂ ಬರೆಯಬೇಕು. ನಕ್ಷತ್ರದ ಹೆಸರು ಅಜ್ಜ ಅಜ್ಜಿಯರು ಹೇಳಿಕೊಡುತ್ತಾರೆ. ಹನ್ನೆರಡು ತಿಂಗಳಾದ ಮೇಲೆ ಆ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ಒಂದು ಗೆರೆ ಏಳುತ್ತದೆ, ಇಳಿಯುತ್ತದೆ. ಆ ಗೆರೆ ಅತಿ ಕೆಳಗೆ ಬರುವ ತಿಂಗಳ ಮೇಲೆ ಬೆರಳಿಟ್ಟ ಮಗುವಿಗೆ ಕಾರ್ನ್‌ವಾಲಿಸನಿಗೆ 1791ರಲ್ಲಿ ತಿಳಿಯದೆ 1792ರಲ್ಲಿ ತಿಳಿದ ಸಂಗತಿ ತಾನಾಗಿ ತಿಳಿದಿರುತ್ತದೆ.

ಮುಂದಿನ ಸಲ ಬಸ್ಸು ಕಾವೇರಿಯ ಸೇತುವೆ ಏರಿದಾಗ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಆಗ ತಂದೆಯೋ ತಾಯಿಯೋ ಮೇಷ್ಟರೋ ಥಟ್ಟನೆ ಉತ್ತರ ಕೊಡುವ ಬದಲು ಮಗುವನ್ನು ಹೊಳೆಯ ಕಡೆ ತಿರುಗಿಸಿ ಇನ್ನೊಂದು ಪ್ರಶ್ನೆ ಕೇಳಬಹುದು. "ಇದು ಯಾವ ತಿಂಗಳು?"